ಶೋಪಾನ್‌ನ ಇ ಮೈನರ್ ಪ್ರೆಲ್ಯೂಡ್: ಕಥೆ ಇರುವುದು ಎಡಗೈಯಲ್ಲಿ

ಪೋಲೆಂಡಿನ ಸಂಗೀತ ರಚನೆಕಾರ ಶೋಪಾನ್‌ನ 28ನೆಯ ಓಪಸ್‌ನಲ್ಲಿ (ಪ್ರಕಟವಾದ ಕೃತಿಯ ಕ್ರಮಸಂಖ್ಯೆ) 24 ಪ್ರೆಲ್ಯೂಡ್‌ಗಳಿವೆ, ಅಂದರೆ ಪಿಯಾನೊಗೆ ಬರೆದ ಪುಟ್ಟ ಕೃತಿಗಳು. ಅವುಗಳಲ್ಲಿ ನಾಲ್ಕನೆಯದು ಇ ಮೈನರ್‌ನಲ್ಲಿದೆ. ಒಟ್ಟು 25 ಬಾರ್ (ತಾಳದ ಆವರ್ತದಂತೆ ಸಂಗೀತವನ್ನು ಅಳೆಯುವ ತುಂಡು), ಅಚ್ಚಾದರೆ ಒಂದು ಪುಟ. ಮೂರ್ನಾಲ್ಕು ವರ್ಷ ಪಿಯಾನೊ ಕಲಿತವರು ಒಂದೇ ಸಂಜೆಯಲ್ಲಿ ಇದರ ಸ್ವರಗಳನ್ನೆಲ್ಲ ಓದಿ ಮುಗಿಸುತ್ತಾರೆ. ತೊಂದರೆ ಶುರುವಾಗುವುದೂ ಅಲ್ಲೇ. ಸ್ವರ ಕೈಗೆ ಬಂತು ಎಂದ ಕೂಡಲೇ ಕೃತಿಯೂ ಬಂತು ಅನ್ನಿಸಿಬಿಡುತ್ತದೆ. ಬಲಗೈಗೆ ಒಂದಿಷ್ಟು ಭಾವ, ಎಡಗೈಗೆ ಒಂದೇ ಸಮನೆ ಟಕ್ ಟಕ್, ಕಾಲಡಿಯಲ್ಲಿ ಸ್ವರಗಳನ್ನು ಅನುರಣಿಸುವಂತೆ ಹಿಡಿದಿಡುವ, ಬಿಡದ ಪೆಡಲ್: ಹೀಗೆ ನುಡಿಸಿದ ಪ್ರೆಲ್ಯೂಡನ್ನು ನೀವೆಲ್ಲ ಕೇಳಿರುತ್ತೀರಿ. ದುಃಖದ ವೇಷವಿರುತ್ತದೆ, ಒಳಗೆ ಏನೂ ನಡೆಯುವುದಿಲ್ಲ.

ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ: ಈ ಕೃತಿಯಲ್ಲಿ ನಡೆಯುವುದೆಲ್ಲ ನಡೆಯುವುದು ಎಡಗೈಯಲ್ಲಿ. ಬಲಗೈ ಬಹುಪಾಲು ಕಾಯುತ್ತದೆ. ಇದನ್ನು ಒಪ್ಪಿಕೊಂಡರೆ ಅಭ್ಯಾಸದ ಕ್ರಮ, ವೇಗ, ಪೆಡಲ್, ಕಡೆಗೆ ಕೈಯನ್ನು ಕೀ ಮೇಲೆ ಇಡುವ ರೀತಿ ಕೂಡ ಬದಲಾಗುತ್ತದೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1838ರ ಚಳಿಗಾಲದಲ್ಲಿ ಶೋಪಾನ್, ಲೇಖಕಿ ಜಾರ್ಜ್ ಸಾಂಡ್ ಮತ್ತು ಆಕೆಯ ಇಬ್ಬರು ಮಕ್ಕಳ ಜೊತೆ ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೋಗಿ, ವಾಲ್ಡೆಮೋಸಾ ಎಂಬ ಊರಿನ ಹಳೆಯ ಮಠವೊಂದರಲ್ಲಿ ಉಳಿದ. ಪ್ರೆಲ್ಯೂಡ್‌ಗಳನ್ನು ಅದಕ್ಕೂ ಮುಂಚೆಯೇ ಬರೆಯತೊಡಗಿದ್ದ. ಪ್ಯಾರಿಸ್‌ನ ಪಿಯಾನೊ ತಯಾರಕನೂ ಪ್ರಕಾಶಕನೂ ಆದ ಕಮೀಲ್ ಪ್ಲೆಯೆಲ್ ಅವಕ್ಕೆ 2000 ಫ್ರಾಂಕ್ ಒಪ್ಪಿಕೊಂಡಿದ್ದ. ದ್ವೀಪದಲ್ಲಿ ಅವನ್ನು ತಿದ್ದಿ ಪೂರ್ತಿಗೊಳಿಸಿದ್ದಾಯಿತು. ಪ್ಲೆಯೆಲ್ ಕಳಿಸಿದ ಪುಟ್ಟ ನಿಲುವು ಪಿಯಾನೊ ಅಲ್ಲಿಗೆ ಬಂದು ಮುಟ್ಟಿದ್ದು 1839ರ ಜನವರಿಯಲ್ಲಿ. ಅದೇ ವರ್ಷ ಸಂಪುಟ ಅಚ್ಚಾಯಿತು. ಬಾಖ್‌ನ ಪ್ರೆಲ್ಯೂಡ್ ಮತ್ತು ಫ್ಯೂಗ್‌ಗಳ ಪ್ರತಿಯನ್ನು ಶೋಪಾನ್ ಅಲ್ಲಿಗೆ ಜೊತೆಗೇ ಒಯ್ದಿದ್ದ. ಬಾಖ್‌ನಂತೆ ಇವನೂ 24 ಶ್ರುತಿಗಳನ್ನು ಮುಟ್ಟುತ್ತಾನೆ, ಆದರೆ ಜೋಡಣೆ ಬೇರೆ. ಬಾಖ್ ಅರ್ಧ ಸ್ವರದಂತೆ ಮೇಲೇರುತ್ತಾ ಹೋಗುತ್ತಾನೆ. ಶೋಪಾನ್ ಪಂಚಮದ ಚಕ್ರ ಹಿಡಿಯುತ್ತಾನೆ. ಸಿ ಮೇಜರ್, ಅದರ ಜೊತೆಯ ಎ ಮೈನರ್, ಜಿ ಮೇಜರ್, ಅದರ ಜೊತೆಯ ಇ ಮೈನರ್, ಹೀಗೆ. ಆದ್ದರಿಂದ ನಮ್ಮ ಪ್ರೆಲ್ಯೂಡಿನ ಹಿಂದೆ ಇರುವುದು ಎಡಗೈ ನೀರಿನಂತೆ ಓಡುವ ಜಿ ಮೇಜರ್ ತುಣುಕು. ಅದು ಮುಗಿದ ಮೇಲೆ ಅದೇ ಎಡಗೈ ಇಲ್ಲಿ ಒಂದೇ ಕಡೆ ನಿಂತುಬಿಡುತ್ತದೆ.

ಈಗ ಬಲಗೈಯನ್ನು ನೋಡೋಣ. ಶಾಸ್ತ್ರೀಯ ಸಂಗೀತ ಕಲಿತವರು ಇಲ್ಲಿ ಬಹಳ ಮಂದಿ ಇದ್ದೀರಿ, ಹಾಗಾಗಿ ಇ ಸ್ವರವನ್ನು ಷಡ್ಜ ಎಂದು ಇಟ್ಟುಕೊಂಡು ಹೇಳುತ್ತೇನೆ. ಆಗ ಬಿ ಪಂಚಮ, ಸಿ ಶುದ್ಧ ಧೈವತ, ಎ ಶುದ್ಧ ಮಧ್ಯಮ, ಎಫ್ ಶಾರ್ಪ್ ಚತುಶ್ರುತಿ ರಿಷಭ. ಮೊದಲ ಬಾರ್‌ನಲ್ಲಿ ಪಂಚಮ ಮೂರು ಎಣಿಕೆ ನಿಲ್ಲುತ್ತದೆ, ನಾಲ್ಕನೆಯ ಎಣಿಕೆಗೆ ಧೈವತ, ಮತ್ತೆ ಪಂಚಮ. ಎರಡನೆಯ ಬಾರ್ ಅದೇ. ಮೂರನೆಯದೂ ಅದೇ. ನಾಲ್ಕನೆಯ ಬಾರ್‌ನ ಕೊನೆಯಲ್ಲಿ ಮಾತ್ರ ಧೈವತಕ್ಕೆ ಹೋಗದೆ ಪ್ರತಿ ಮಧ್ಯಮಕ್ಕೆ ಜಾರಿ, ಐದನೆಯದರಲ್ಲಿ ಶುದ್ಧ ಮಧ್ಯಮಕ್ಕೆ ಇಳಿಯುತ್ತದೆ. ಅಲ್ಲಿ ಮತ್ತೆ ಮ–ಪ, ಮ–ಪ ಎಂದು ಕೆಲವು ಬಾರ್. ಆಮೇಲೆ ಸಣ್ಣದೊಂದು ತಿರುವು, ಬಳಿಕ ರಿಷಭ. ಅಂದರೆ ಹನ್ನೆರಡು ಬಾರ್‌ಗಳಲ್ಲಿ ರಾಗದ ಒಟ್ಟು ಪ್ರಯಾಣ ಪ–ಮ–ರಿ. ಷಡ್ಜದ ಬಾಗಿಲ ತನಕ ಬಂದು ಒಳಗೆ ಕಾಲಿಡದೆ ಹಿಂದಿರುಗುತ್ತದೆ.

ಇಲ್ಲೊಂದು ಎಚ್ಚರಿಕೆ. ಮೈನರ್ ಸ್ಕೇಲಿನ ಸ್ವರಗಳು ನಟಭೈರವಿಯವು, ಆದ್ದರಿಂದ ಇದು ನಟಭೈರವಿಯಂತೆ ಎಂದು ಹೊರಟರೆ ಎರಡನೆಯ ಬಾರ್‌ನಲ್ಲೇ ದಾರಿ ತಪ್ಪುತ್ತದೆ. ಎಡಗೈಯಲ್ಲಿ ಹನ್ನೆರಡು ಸ್ವರಸ್ಥಾನಗಳೂ ಬಂದು ಹೋಗುತ್ತವೆ. ಸ್ವರದ ಹೆಸರು ದಾರಿ ಗುರುತಿಗೆ ಸಾಕು, ರಾಗಲಕ್ಷಣ ಹುಡುಕುವುದು ಬೇಡ.

ಬಲಗೈಯನ್ನು ಒಂಟಿಯಾಗಿ ನುಡಿಸಿ ನೋಡಿ. ಪ–ದ–ಪ ಎಂಬುದು ಮೂರನೆಯ ಸಲಕ್ಕೆ ಬೇಸರ ತರುತ್ತದೆ. ಎಡಗೈಯನ್ನು ಒಂಟಿಯಾಗಿ ನುಡಿಸಿ. ಅದು ಎಲ್ಲಿಗೆ ಹೋಗುತ್ತಿದೆ ಎಂದು ಕಿವಿ ಕೊನೆಯವರೆಗೂ ಹಿಂಬಾಲಿಸುತ್ತದೆ. ಎರಡನ್ನೂ ಸೇರಿಸಿದಾಗ ಅದೇ ಪಂಚಮ ಪ್ರತಿ ಬಾರ್‌ನಲ್ಲೂ ಬೇರೆಯಾಗಿ ಕೇಳುತ್ತದೆ, ಏಕೆಂದರೆ ಅದರ ಕೆಳಗಿನ ನೆಲ ಸರಿಯುತ್ತಿರುತ್ತದೆ. ಮೊದಲ ಬಾರ್‌ನಲ್ಲಿ ಕಾರ್ಡಿಗೆ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿಗೆ) ಸಲೀಸಾಗಿ ಹೊಂದಿಕೊಂಡ ಸ್ವರ ಮೂರನೆಯ ಬಾರ್‌ಗೆ ಬರುವಷ್ಟರಲ್ಲಿ ಅದೇ ಜಾಗದಲ್ಲಿ ನಿಂತು ನೋಯತೊಡಗುತ್ತದೆ. ರಾಗದಲ್ಲಿ ಏನನ್ನೂ ಬದಲಿಸದೆ ಭಾವವನ್ನು ಬದಲಿಸುವ ಈ ಉಪಾಯ ಗೊತ್ತಾದರೆ ಅರ್ಧ ಕೃತಿ ಗೊತ್ತಾದಂತೆ.

ಎಡಗೈ ಇಳಿಯುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರತಿ ಕಾರ್ಡಿನಲ್ಲಿ ಮೂರು ಸ್ವರ. ಅವನ್ನು ಮೂರು ಎಳೆ ಎಂದುಕೊಳ್ಳಿ: ಕೆಳಗಿನದು, ನಡುವಿನದು, ಮೇಲಿನದು. ಶುರುವಾಗುವುದು ಕೆಳಗಿನಿಂದ ಜಿ–ಬಿ–ಇ. ಇ ಮೈನರ್ ಕಾರ್ಡೇ, ಆದರೆ ತಲೆಕೆಳಗಾಗಿದೆ. ಆಧಾರ ಸ್ವರವಾದ ಇ ಕೆಳಗಿಲ್ಲ, ಮೇಲಿದೆ. ಮೊದಲ ಕ್ಷಣದಿಂದಲೇ ಕಾಲು ನೆಲಕ್ಕೆ ಪೂರ್ತಿ ತಾಗಿಲ್ಲ. ಇ ಸ್ವರ ತಳದಲ್ಲಿರುವ ಭದ್ರವಾದ ಇ ಮೈನರ್ ಕಾರ್ಡ್ ಮೊದಲ ಬಾರಿಗೆ ಸಿಗುವುದು ಇಪ್ಪತ್ತೈದನೆಯ ಬಾರ್‌ನಲ್ಲಿ, ಅಂದರೆ ಕೊನೆಯ ಕಾರ್ಡಿನಲ್ಲಿ.

ಈ ಮೂರು ಎಳೆಗಳೂ ಅರ್ಧ ಸ್ವರದಂತೆ, ಅಲ್ಲಲ್ಲಿ ಪೂರ್ತಿ ಸ್ವರದಂತೆ, ಕೆಳಗಿಳಿಯುತ್ತವೆ. ಒಟ್ಟಿಗೇ ಇಳಿಯುವುದಿಲ್ಲ ಎಂಬುದೇ ಮುಖ್ಯ. ಹೆಚ್ಚಿನ ಕಡೆ ಒಂದು ಇಳಿದಾಗ ಉಳಿದೆರಡು ನಿಂತಿರುತ್ತವೆ, ಅದರಿಂದ ಘರ್ಷಣೆ ಹುಟ್ಟುತ್ತದೆ. ಆ ಘರ್ಷಣೆ ಪರಿಹಾರವಾಗಲೆಂದು ಇನ್ನೊಂದು ಇಳಿಯುತ್ತದೆ, ಅದು ಹೊಸ ಘರ್ಷಣೆಯನ್ನು ತರುತ್ತದೆ. ಹೀಗಾಗಿ ಎಲ್ಲಿಯೂ ಸಮಾಧಾನವಾಗಿ ನಿಲ್ಲಲು ಜಾಗವಿಲ್ಲ. ತಳದ ಎಳೆ ಮೊದಲ ನಾಲ್ಕು ಬಾರ್‌ಗಳಲ್ಲಿ ಜಿ, ಎಫ್ ಶಾರ್ಪ್, ಎಫ್, ಇ ಎಂದು ಇಳಿಯುತ್ತದೆ. ಹನ್ನೆರಡನೆಯ ಬಾರ್‌ಗೆ ಬಿ ತಲುಪುತ್ತದೆ. ಇಲ್ಲಿನ ಹಲವು ಕಾರ್ಡ್‌ಗಳಿಗೆ ಪಠ್ಯಪುಸ್ತಕದ ಹೆಸರು ಹುಡುಕಿ ಒದ್ದಾಡುವವರಿದ್ದಾರೆ. ಕೆಲವಕ್ಕೆ ಹೆಸರು ಸಿಗುತ್ತದೆ, ಕೆಲವಕ್ಕೆ ಸಿಗುವುದಿಲ್ಲ, ಸಿಕ್ಕರೂ ನುಡಿಸುವವನಿಗೆ ಅದರಿಂದ ಲಾಭ ಕಡಿಮೆ. ಅವು ಎಳೆಗಳು ದಾಟಿಹೋಗುವಾಗ ಕ್ಷಣಕಾಲ ಆದ ಭೇಟಿಗಳು.

ಅರ್ಧ ಸ್ವರದಂತೆ ಇಳಿಯುವ ಬಾಸ್ (ತಳದ ಎಳೆ) ಶೋಕದ ಗುರುತು ಎಂಬುದು ಯುರೋಪಿನ ಸಂಗೀತದಲ್ಲಿ ಶೋಪಾನ್‌ಗಿಂತ ಬಹಳ ಹಳೆಯದು. ಬಾಖ್‌ನ ಬಿ ಮೈನರ್ ಮಾಸ್ ಎಂಬ ಚರ್ಚ್ ಸಂಗೀತದ ಕೃತಿಯಲ್ಲಿ ಕ್ರಿಸ್ತನನ್ನು ಶಿಲುಬೆಗೇರಿಸುವ ಭಾಗವೂ ಇ ಮೈನರ್‌ನಲ್ಲೇ ಇದೆ. ಅಲ್ಲಿ ಬಾಸ್ ಇ ಯಿಂದ ಬಿ ತನಕ ಹೀಗೇ ಇಳಿಯುವುದನ್ನು ಹದಿಮೂರು ಸಲ ಹೇಳುತ್ತದೆ. ಶೋಪಾನ್‌ನ ಹೊಸತನ ಬೇರೆ ಕಡೆ ಇದೆ. ಬಾಸ್ ಒಂದೇ ಅಲ್ಲ, ಮೂರೂ ಎಳೆಗಳು ಇಳಿಯುತ್ತವೆ, ಅದೂ ಒಂದರ ಹೆಜ್ಜೆಗೆ ಇನ್ನೊಂದು ಹೊಂದದಂತೆ.

ಹದಿಮೂರನೆಯ ಬಾರ್‌ನಲ್ಲಿ ಎಲ್ಲವೂ ಮೊದಲಿಂದ ಶುರುವಾಗುತ್ತದೆ: ಅದೇ ಪಂಚಮ, ಅದೇ ಜಿ–ಬಿ–ಇ. ಈ ಸಲ ಇಳಿಯುವ ವೇಗ ಬೇರೆ. ಮೊದಲು ಹನ್ನೆರಡು ಬಾರ್ ತೆಗೆದುಕೊಂಡ ಇಳಿತ ಈಗ ನಾಲ್ಕೇ ಬಾರ್‌ಗಳಲ್ಲಿ ಮುಗಿದು, ಹದಿನೇಳನೆಯ ಬಾರ್‌ನಲ್ಲಿ ಎಡಗೈ ಆಳದ ಬಿ ಗೆ ಬೀಳುತ್ತದೆ. ಅಲ್ಲೇ ಕೃತಿಯ ಒಂದೇ ಒಂದು ಫೋರ್ಟೆ, ಅಂದರೆ ಜೋರಾಗಿ ನುಡಿಸು ಎಂಬ ಸೂಚನೆ. ಅದರ ಸುತ್ತ ಸ್ಟ್ರೆಟ್ಟೊ ಎಂಬ ಸೂಚನೆ, ಅಂದರೆ ಬಿಗಿಹಿಡಿದು ಮುಂದೊತ್ತು. ಅಷ್ಟು ಹೊತ್ತು ಕಾಯುತ್ತಿದ್ದ ಬಲಗೈ ಒಮ್ಮೆಗೇ ದೊಡ್ಡ ಜಿಗಿತಗಳಲ್ಲಿ ಸಿಡಿಯುತ್ತದೆ. ಎರಡು ಬಾರ್ ಅಷ್ಟೇ. ಹತ್ತೊಂಬತ್ತಕ್ಕೆ ಎಲ್ಲ ಇಳಿದಿರುತ್ತದೆ.

ಈಗ ಅಭ್ಯಾಸಕ್ಕೆ ಬರೋಣ. ಮೊದಲು ವೇಗ, ಏಕೆಂದರೆ ಅದು ಕೆಟ್ಟರೆ ಉಳಿದದ್ದೆಲ್ಲ ಕೆಡುತ್ತದೆ. ಪುಟದ ತಲೆಯಲ್ಲಿ ಲಾರ್ಗೊ, ಅಂದರೆ ಬಹಳ ನಿಧಾನ, ಎಂದಿದೆ. ಅದನ್ನು ನೋಡಿದವರು ಅದರ ಪಕ್ಕದ ತಾಳದ ಗುರುತನ್ನು ನೋಡುವುದಿಲ್ಲ. ಅದು ಸೀಳು ಗೆರೆಯ ಸಿ, ಅಂದರೆ ಬಾರ್‌ಗೆ ಎರಡು ದೊಡ್ಡ ಎಣಿಕೆ (ನಾನು ಇಲ್ಲಿ ಎಣಿಕೆ ಎನ್ನುತ್ತಿರುವುದು ಅದರ ಅರ್ಧವಾದ ಕಾಲು ಸ್ವರಕ್ಕೆ, ಅವು ಬಾರ್‌ಗೆ ನಾಲ್ಕು). ಎಡಗೈಯ ಎಂಟು ಬಡಿತಗಳು ಎಂಟು ಎಣಿಕೆಗಳಲ್ಲ, ನಾಲ್ಕು ನಾಲ್ಕರ ಎರಡು ಗುಂಪು. ಲೆಕ್ಕ ಹಾಕಿ ನೋಡಿ: 25 ಬಾರ್‌ಗೆ 100 ಕಾಲು ಸ್ವರ. ಮೆಟ್ರೊನೋಮ್‌ನಲ್ಲಿ (ನಿಮಿಷಕ್ಕೆ ಇಷ್ಟು ಬಡಿತ ಎಂದು ಲಯ ತೋರುವ ಸಾಧನ) ಕಾಲು ಸ್ವರಕ್ಕೆ 60 ಇಟ್ಟರೆ ಒಂದು ನಿಮಿಷ ನಲವತ್ತು ಸೆಕೆಂಡ್, 50 ಇಟ್ಟರೆ ಎರಡು ನಿಮಿಷ, 40 ಇಟ್ಟರೆ ಎರಡೂವರೆ. ನನ್ನ ಮಟ್ಟಿಗೆ 50 ಮತ್ತು 60ರ ನಡುವೆ ಕೃತಿ ಉಸಿರಾಡುತ್ತದೆ. 40ಕ್ಕೆ ಇಳಿದರೆ ಏನಾಗುತ್ತದೆ? ಮೂರು ಎಣಿಕೆ ನಿಲ್ಲಬೇಕಾದ ಪಂಚಮ ನಾಲ್ಕೂವರೆ ಸೆಕೆಂಡ್ ನಿಲ್ಲಬೇಕು. ಪಿಯಾನೊ ಸ್ವರ ಹುಟ್ಟಿದ ಕ್ಷಣದಿಂದಲೇ ಸಾಯತೊಡಗುತ್ತದೆ. ಧೈವತ ಬರುವ ಹೊತ್ತಿಗೆ ಪಂಚಮವೇ ಕೇಳುತ್ತಿರುವುದಿಲ್ಲ. ಆಮೇಲೆ ಎಷ್ಟು ಭಾವ ತುಂಬಿದರೂ ಅವೆರಡೂ ಒಂದೇ ಮಾತಿನ ಎರಡು ಪದಗಳಾಗಿ ಕೇಳುವುದಿಲ್ಲ.

ಇದರಿಂದಲೇ ಬಲಗೈಯ ಮುಖ್ಯ ನಿಯಮ ಹುಟ್ಟುತ್ತದೆ. ಧೈವತವನ್ನು ಪಂಚಮ ಎಷ್ಟು ಜೋರಾಗಿ ಶುರುವಾಗಿತ್ತೋ ಅಷ್ಟಕ್ಕೆ ಹೋಲಿಸಿ ನುಡಿಸಬಾರದು. ಮೂರು ಎಣಿಕೆಯ ಬಳಿಕ ಪಂಚಮ ಎಷ್ಟು ಉಳಿದಿದೆಯೋ ಅಷ್ಟಕ್ಕೆ ಹೊಂದಿಸಿ ನುಡಿಸಬೇಕು. ಎರಡನ್ನೂ ಒಂದೇ ಬಲದಲ್ಲಿ ಒತ್ತಿದರೆ ಧೈವತ ಮೊಳೆ ಹೊಡೆದಂತೆ ಎದ್ದು ನಿಲ್ಲುತ್ತದೆ, ಪ್ರತಿ ಬಾರ್‌ನ ಕೊನೆಯೂ ಕುಟುಕುತ್ತದೆ. ಇದನ್ನು ಅಭ್ಯಾಸ ಮಾಡುವ ರೀತಿ: ಎಡಗೈ ಬಿಟ್ಟು ಪಂಚಮ ಒಂದನ್ನೇ ಒತ್ತಿ, ಮೂರು ಎಣಿಸುತ್ತಾ ಅದು ಕುಗ್ಗುವುದನ್ನು ಕೇಳಿ, ಆ ಕುಗ್ಗಿದ ದನಿಯೊಳಗಿಂದ ಧೈವತವನ್ನು ಹೊರಡಿಸಿ. ಧೈವತದಿಂದ ಮುಂದಿನ ಪಂಚಮಕ್ಕೆ ಹೋಗುವಾಗ ಮಾತ್ರ ಹೊಸದಾಗಿ ಭಾರ ಹಾಕಬೇಕು, ಇಲ್ಲದಿದ್ದರೆ ಸಾಲು ನಾಲ್ಕು ಬಾರ್‌ಗಳಲ್ಲಿ ಆರಿಹೋಗುತ್ತದೆ.

ಶೋಪಾನ್‌ನ ಶವಸಂಸ್ಕಾರದ ಸಂಗತಿ ಇಲ್ಲಿ ನೆನಪಾಗುತ್ತದೆ. ಅವನು ತೀರಿಕೊಂಡದ್ದು 1849ರ ಅಕ್ಟೋಬರ್ 17. ಅಕ್ಟೋಬರ್ 30ರಂದು ಪ್ಯಾರಿಸ್‌ನ ಮಾದ್‌ಲೇನ್ ಚರ್ಚಿನಲ್ಲಿ ಪ್ರಾರ್ಥನೆ ನಡೆದಾಗ ಈ ಪ್ರೆಲ್ಯೂಡನ್ನೂ ಬಿ ಮೈನರ್‌ನ ಆರನೆಯದನ್ನೂ ಲೆಫೆಬ್ಯೂರ್-ವೆಲಿ ಆರ್ಗನ್ನಿನಲ್ಲಿ ನುಡಿಸಿದ. ಆ ಸಂದರ್ಭಕ್ಕೆ ಒಪ್ಪುವ ಆಯ್ಕೆ ನಿಜ. ಆದರೆ ಆರ್ಗನ್ನಿನ ಸ್ವರ ಕೀ ಬಿಡುವ ತನಕ ಕುಗ್ಗುವುದೇ ಇಲ್ಲ. ಅಲ್ಲಿ ಪಂಚಮ ಮೂರು ಎಣಿಕೆಯೂ ಒಂದೇ ಸಮ ನಿಂತಿರುತ್ತದೆ. ಪಿಯಾನೊದಲ್ಲಿ ಹಾಗಲ್ಲ: ಬಲಗೈಯ ಸ್ವರ ಕರಗುತ್ತಾ ಹೋಗುತ್ತದೆ, ಎಡಗೈ ಮತ್ತೆ ಮತ್ತೆ ಬಡಿದು ಜೀವ ಉಳಿಸಿಕೊಳ್ಳುತ್ತದೆ, ಹಾಗಾಗಿ ಪ್ರತಿ ಬಾರ್‌ನ ನಡುವಿನಲ್ಲಿ ಕಿವಿ ತಾನಾಗಿಯೇ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಎಡಗೈಯಲ್ಲಿ ಎಳೆ ಕದಲುವುದೂ ಬಹುಮಟ್ಟಿಗೆ ಆ ಹೊತ್ತಿಗೇ. ವಾದ್ಯದ ಕೊರತೆಯನ್ನೇ ಬಳಸಿಕೊಂಡು ಬರೆದ ಸಂಗೀತ ಇದು.

ಎಡಗೈಯ ಅಭ್ಯಾಸಕ್ಕೆ ಕನಿಷ್ಠ ಒಂದು ವಾರ ಬೇರೆಯೇ ಇಡಿ. ಮೊದಲ ಹಂತದಲ್ಲಿ ಎಂಟು ಬಡಿತ ಬೇಡ. ಕಾರ್ಡ್ ಬದಲಾದಾಗ ಮಾತ್ರ ಒಂದು ಸಲ ಒತ್ತಿ ಹಿಡಿಯಿರಿ. ಒಂದೊಂದು ಬದಲಾವಣೆಗೂ ಪೆನ್ಸಿಲಿನಲ್ಲಿ ಗುರುತು ಹಾಕಿ: ಕೆಳಗಿನ ಎಳೆ ಕದಲಿತೋ, ನಡುವಿನದೋ, ಮೇಲಿನದೋ. ಬದಲಾಗದ ಎರಡು ಬೆರಳು ಕೀ ಬಿಟ್ಟು ಏಳಬಾರದು, ಕದಲಿದ ಬೆರಳು ಮಾತ್ರ ಪಕ್ಕದ ಕೀಗೆ ಸರಿಯಬೇಕು. ಎರಡನೆಯ ಹಂತದಲ್ಲಿ ಒಂದೊಂದೇ ಎಳೆಯನ್ನು ಬಾಯಿಬಿಟ್ಟು ಹಾಡಿ, ಉಳಿದೆರಡನ್ನು ಕೈ ನುಡಿಸಲಿ. ನಡುವಿನ ಎಳೆಯನ್ನು ಹಾಡುವುದು ಬಹಳ ಕಷ್ಟ. ಅಲ್ಲಿ ತಡವರಿಸಿದರೆ ಆ ಎಳೆಯನ್ನು ಇಷ್ಟು ದಿನ ಕೇಳಿಯೇ ಇರಲಿಲ್ಲ ಎಂದು ತಿಳಿಯಿರಿ. ಮೂರನೆಯ ಹಂತದಲ್ಲಿ ಬಾರ್‌ಗೆ ಎಂಟು ಬಡಿತ, ಆದರೆ ಒಂದು ಷರತ್ತು: ಎಂಟೂ ಒಂದೇ ಮಟ್ಟದಲ್ಲಿರಲಿ, ಎಳೆ ಕದಲಿದ ಬಡಿತದಲ್ಲಿ ಆ ಬೆರಳಿಗೆ ಮಾತ್ರ ಕೂದಲೆಳೆಯಷ್ಟು ಹೆಚ್ಚು ಭಾರ. ಕಾರ್ಡ್ ಪೂರ್ತಿ ಜೋರಾದರೆ ತಪ್ಪು.

ಬಡಿತದ ಚಲನೆ ಮಣಿಕಟ್ಟಿನಿಂದ ಹುಟ್ಟಬಾರದು. ಪ್ರತಿ ಬಡಿತಕ್ಕೂ ಮಣಿಕಟ್ಟು ಮೇಲೆದ್ದು ಬಿದ್ದರೆ ಎಂಟು ಬಾರ್ ದಾಟುವುದರೊಳಗೆ ಮುಂಗೈ ಬಿಗಿಯುತ್ತದೆ, ಬಡಿತ ಏರುಪೇರಾಗುತ್ತದೆ. ಬೆರಳ ತುದಿ ಕೀ ಮೇಲೇ ಇರಲಿ, ಕೀ ಮೇಲೇಳುವಾಗ ಬೆರಳನ್ನೂ ಜೊತೆಗೆ ಹೊತ್ತು ತರಲಿ. ಗ್ರಾಂಡ್ ಪಿಯಾನೊದಲ್ಲಿ ಕೀ ಪೂರ್ತಿ ಮೇಲೆ ಬರುವ ಮುಂಚೆಯೇ ಮತ್ತೆ ಒತ್ತಬಹುದು. ಪ್ಯಾರಿಸ್‌ನ ಪಿಯಾನೊ ತಯಾರಕ ಎರಾರ್ 1821ರಲ್ಲಿ ಪೇಟೆಂಟ್ ಪಡೆದ ಯಂತ್ರರಚನೆಯ ವರ ಅದು. ನಿಲುವು ಪಿಯಾನೊದಲ್ಲಿ ಆ ಸೌಕರ್ಯವಿಲ್ಲ. ಕೀಯನ್ನು ಇನ್ನಷ್ಟು ಮೇಲಕ್ಕೆ ಬರಗೊಡಬೇಕು, ಇಲ್ಲವಾದರೆ ಮೆದುವಾಗಿ ನುಡಿಸುವಾಗ ನಡುನಡುವೆ ಸ್ವರ ಹುಟ್ಟುವುದೇ ಇಲ್ಲ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವ ಡಿಜಿಟಲ್ ಪಿಯಾನೊಗಳಲ್ಲಿ ಮಾದರಿಯಿಂದ ಮಾದರಿಗೆ ವ್ಯತ್ಯಾಸ. ಎಷ್ಟು ಎತ್ತಿದರೆ ಮತ್ತೆ ದನಿ ಬರುತ್ತದೆ ಎಂದು ಒಂದೇ ಕೀ ಮೇಲೆ ನೂರು ಸಲ ಮೆಲ್ಲಗೆ ಒತ್ತಿ ಕಂಡುಕೊಳ್ಳಿ. ಕೀಗೆ ತೂಕವಿಲ್ಲದ, ಒತ್ತಡಕ್ಕೆ ತಕ್ಕಂತೆ ದನಿ ಬದಲಾಗದ ಕೀಬೋರ್ಡಿನಲ್ಲಿ ಈ ಕೃತಿಯ ಸ್ವರ ಕಲಿಯಬಹುದು, ಕೃತಿಯನ್ನಲ್ಲ.

ಎರಡೂ ಕೈ ಸೇರಿಸುವ ಮುಂಚೆ ಇನ್ನೊಂದು ಕೆಲಸ ಮಾಡಿಸುವುದುಂಟು: ಬಲಗೈ ಧಾರಾಳವಾಗಿ ನುಡಿಸಲಿ, ಎಡಗೈ ಸದ್ದು ಬಾರದಂತೆ ಕೀ ಮೇಲ್ಮೈಯನ್ನಷ್ಟೇ ಮುಟ್ಟಲಿ. ಆಮೇಲೆ ಆ ಮುಟ್ಟುವಿಕೆಯನ್ನೇ ಸ್ವಲ್ಪ ಸ್ವಲ್ಪ ಆಳಕ್ಕೆ ಇಳಿಸಿ, ಸದ್ದು ಆಗತಾನೇ ಹುಟ್ಟುವ ಮಟ್ಟದಲ್ಲಿ ನಿಲ್ಲಿಸಿ. ಮೊದಲ ಬಾರ್‌ಗೆ ಬೇಕಾದ ಮಟ್ಟ ಅದೇ.

ಪೆಡಲ್ ವಿಷಯದಲ್ಲಿ ಜಗಳ ಹೆಚ್ಚು. ಶೋಪಾನ್ ಇಲ್ಲಿ ಪೆಡಲ್ ಗುರುತು ಹಾಕಿದ್ದು ಬಹಳ ಕಡಿಮೆ, ಅದೂ ಆ ಸಿಡಿತದ ಆಸುಪಾಸಿನಲ್ಲಿ. ಹಾಗೆಂದು ಉಳಿದ ಕಡೆ ಪೆಡಲ್ ಮುಟ್ಟಲೇಬಾರದು ಎಂದು ವಾದಿಸುವುದು ಇಂದಿನ ವಾದ್ಯಗಳಲ್ಲಿ ಅತಿಯಾಯಿತು. ಬಡಿತಗಳು ಒಣಗಿ ಹೋಗುತ್ತವೆ. ಇನ್ನೊಂದು ತುದಿಯ ತಪ್ಪು ಇನ್ನೂ ದೊಡ್ಡದು. ಒಂದೇ ಪೆಡಲಿನಲ್ಲಿ ಎಂಟು ಬಡಿತ ಬಿದ್ದರೆ ತಂತಿಗಳೆಲ್ಲ ಸೇರಿ ಅನುರಣಿಸಿ ದನಿ ಊದಿಕೊಳ್ಳುತ್ತದೆ, ಬಲಗೈ ಮುಳುಗುತ್ತದೆ. ಎಳೆ ಕದಲಿದ ಮೇಲೂ ಪೆಡಲ್ ಬದಲಿಸದಿದ್ದರೆ ಹಳೆಯ ಸ್ವರವೂ ಹೊಸ ಸ್ವರವೂ ಒಟ್ಟಿಗೆ ಕೇಳುತ್ತವೆ. ಅರ್ಧ ಸ್ವರದ ಅಂತರ ಬೇರೆ. ಶೋಪಾನ್ ಕಷ್ಟಪಟ್ಟು ಕಟ್ಟಿದ ಇಳಿತ ಅಲ್ಲಿಗೆ ಕೆಸರಾಯಿತು. ಹಾಗಾಗಿ ಸೂತ್ರ ಸರಳ: ಪೆನ್ಸಿಲಿನಲ್ಲಿ ಗುರುತು ಹಾಕಿದ ಪ್ರತಿ ಬದಲಾವಣೆಗೂ ಪೆಡಲ್ ಬದಲಿಸಿ, ಪೂರ್ತಿ ತುಳಿಯದೆ ಅರ್ಧ ತುಳಿಯಿರಿ. ಕೆಲವು ಬಾರ್‌ಗೆ ಒಂದು, ಕೆಲವಕ್ಕೆ ಮೂರು ಸಲ ಆಗುತ್ತದೆ. ಶೋಪಾನ್ ಇಷ್ಟಪಡುತ್ತಿದ್ದ ಪ್ಲೆಯೆಲ್ ಪಿಯಾನೊಗಳ ದನಿ ಇಂದಿನ ಕಾನ್ಸರ್ಟ್ ಗ್ರಾಂಡ್‌ಗಿಂತ ಹಗುರ, ಬೇಗ ಕುಗ್ಗುವಂಥದ್ದು. ಅಲ್ಲಿ ಸಹ್ಯವಾದ ಪೆಡಲ್ ಇಲ್ಲಿ ಸಹ್ಯವಾಗದು.

ಪ್ರಾರಂಭದ ಎತ್ತುಗಡೆಯ ಬಗ್ಗೆ ಒಂದು ಮಾತು. ಮೊದಲ ಬಾರ್‌ಗೂ ಮುಂಚೆ ಕೆಳಗಿನ ಬಿ, ಅದರ ಹಿಂದೆಯೇ ಒಂದು ಸ್ಥಾಯಿ ಮೇಲಿನ ಬಿ. ಮೊದಲನೆಯದು ಚುಕ್ಕಿಯಿಟ್ಟದ್ದು, ಎರಡನೆಯದು ಅದರ ಮೂರನೆಯ ಒಂದು ಭಾಗ. ಮೇಲಿನ ಆ ಪುಟ್ಟ ಬಿ ಯಲ್ಲೇ ಬಲವೆಲ್ಲ ಸುರಿದುಬಿಟ್ಟರೆ, ತಕ್ಷಣ ಬರುವ ಮೊದಲ ಬಾರ್‌ನ ಅದೇ ಬಿ ಪ್ರತಿಧ್ವನಿಯಂತೆ ಕೇಳುತ್ತದೆ. ಬಲ ಉಳಿಸಿಕೊಳ್ಳಿ. ಇದನ್ನು ಮೂರರ ಲಯಕ್ಕೆ ಸಡಿಲಿಸಿ ತೂಗುವವರೂ ಇದ್ದಾರೆ, ಆಗ ಇಡೀ ಕೃತಿ ಜೋಗುಳದಂತೆ ಹೊರಡುತ್ತದೆ.

ರುಬಾಟೊ, ಅಂದರೆ ಲಯವನ್ನು ಹಿಗ್ಗಿಸಿ ಕುಗ್ಗಿಸುವುದು, ಎಷ್ಟು ಬೇಕು? ಎಡಗೈ ವಾದ್ಯವೃಂದದ ನಿರ್ದೇಶಕನಿದ್ದಂತೆ, ಅದು ಲಯ ಬಿಡಬಾರದು ಎಂದು ಶೋಪಾನ್ ಹೇಳುತ್ತಿದ್ದುದನ್ನು ಅವನ ಶಿಷ್ಯರು ದಾಖಲಿಸಿದ್ದಾರೆ. ಈ ಪ್ರೆಲ್ಯೂಡಿಗೆ ಅದು ಎರಡು ಪಟ್ಟು ಅನ್ವಯಿಸುತ್ತದೆ. ಎಳೆ ಕದಲುವ ಪ್ರತಿ ಜಾಗದಲ್ಲೂ ನಿಧಾನಿಸಿ ‘ನೋಡಿ, ಎಷ್ಟು ಚೆಂದ’ ಎಂದು ತೋರಿಸುವ ಆಸೆಯಾಗುತ್ತದೆ. ಬೇಡ. ಎಡಗೈ ತನ್ನ ಪಾಡಿಗೆ ತಾನು ಇಳಿಯುತ್ತಿದ್ದರೇನೇ ಕೇಳುವವರಿಗೆ ಆ ಇಳಿತ ತಡೆಯಲಾಗದ್ದು ಅನ್ನಿಸುವುದು. ಹಿಗ್ಗಿಸಬಹುದಾದ ಜಾಗ ಹನ್ನೆರಡನೆಯ ಬಾರ್: ಅಲ್ಲಿ ಎಡಗೈಯ ಬಡಿತ ತಡೆದು ಬಲಗೈ ಒಂಟಿಯಾಗಿ ಪಂಚಮಕ್ಕೆ ಹಿಂದಿರುಗುತ್ತದೆ. ಅಲ್ಲಿ ಉಸಿರು ತೆಗೆದುಕೊಳ್ಳಿ, ಅದಕ್ಕೆಂದೇ ಆ ಜಾಗವಿದೆ.

ಸ್ಟ್ರೆಟ್ಟೊ ಕೆಡುವುದು ಒಂದೇ ಕಾರಣಕ್ಕೆ. ಹದಿನಾಲ್ಕನೆಯ ಬಾರ್‌ನಲ್ಲೇ ಜೋರು ಶುರುಮಾಡಿಬಿಡುತ್ತಾರೆ, ಹದಿನೇಳಕ್ಕೆ ಬಂದಾಗ ಏರಲು ಮೆಟ್ಟಿಲೇ ಉಳಿದಿರುವುದಿಲ್ಲ, ಆಗ ಕೀಯನ್ನು ಗುದ್ದುತ್ತಾರೆ. ಹದಿಮೂರು, ಹದಿನಾಲ್ಕು ಎರಡೂ ಪಿಯಾನೊ ಮಟ್ಟದಲ್ಲೇ, ಅಂದರೆ ಮೆದುವಾಗಿಯೇ, ಇರಲಿ. ವೇಗ ಸ್ವಲ್ಪ ಹೆಚ್ಚಿದ್ದು ಹದಿನಾರರಲ್ಲಿ ಗೊತ್ತಾಗಲಿ. ಹದಿನೇಳರ ಫೋರ್ಟೆಗೆ ಆಳದ ಬಿ ಯಿಂದಲೇ ದೇಹ ಸಿಗುತ್ತದೆ, ಬಲಗೈ ಕಿರುಚಬೇಕಾಗಿಲ್ಲ. ಅದು ಫೋರ್ಟೆ, ಫೋರ್ಟಿಸ್ಸಿಮೊ (ಬಹಳ ಜೋರು) ಅಲ್ಲ. ಎರಡು ನಿಮಿಷದ ಕೃತಿಯ ಸಿಟ್ಟೂ ಆ ಅಳತೆಯದೇ ಆಗಿರಬೇಕು. ಈ ಪ್ರೆಲ್ಯೂಡಿಗೆ ಪಿಯಾನೊ ವಾದಕ ಹಾನ್ಸ್ ಫಾನ್ ಬ್ಯೂಲೊ ‘ಉಸಿರುಗಟ್ಟುವಿಕೆ’ ಎಂಬ ಅಡ್ಡಹೆಸರು ಇಟ್ಟ. ಶೋಪಾನ್ ಯಾವ ಹೆಸರನ್ನೂ ಇಟ್ಟಿರಲಿಲ್ಲ. ಇಂಥ ಹೆಸರು ತಲೆಯಲ್ಲಿಟ್ಟುಕೊಂಡವರು ಮೊದಲ ಬಾರ್‌ನಿಂದಲೇ ಉಸಿರುಗಟ್ಟಿಸಲು ಹೊರಡುತ್ತಾರೆ.

ಹತ್ತೊಂಬತ್ತರಿಂದ ಮುಂದಿನದು ಚಿಕ್ಕದು, ಆದರೆ ಬಹಳ ಜಾಣತನದ್ದು. ರಾಗ ರಿಷಭದಿಂದ ಕಡೆಗೂ ಷಡ್ಜಕ್ಕೆ, ಇ ಗೆ, ಬರುತ್ತದೆ. ಅಷ್ಟು ಹೊತ್ತಿನಿಂದ ಕಾದದ್ದು ಸಿಕ್ಕಿತು ಎನ್ನುವ ಹೊತ್ತಿಗೆ ಇಪ್ಪತ್ತೊಂದನೆಯ ಬಾರ್‌ನಲ್ಲಿ ಅದರ ಕೆಳಗೆ ಇ ಮೈನರ್ ಇಲ್ಲ, ಸಿ ಮೇಜರ್ ಇದೆ. ಸ್ವರ ಮನೆ ಸೇರಿದೆ, ಕಾರ್ಡ್ ಬೇರೆ ಮನೆಯದು. ಇಲ್ಲಿ ಸ್ಮೊರ್ಜಾಂಡೊ ಎಂದಿದೆ, ಆರಿಹೋಗುವಂತೆ ನುಡಿಸು ಎಂದು. ಆರಿಹೋಗುವುದೆಂದರೆ ಬರೀ ನಿಧಾನವಾಗುವುದು ಎಂದು ತಿಳಿದು ಬಡಿತಗಳ ನಡುವೆ ಕಂದಕ ತೋಡಬೇಡಿ. ದನಿ ಮೊದಲು ಕುಗ್ಗಲಿ, ವೇಗ ಆಮೇಲೆ.

ಇಪ್ಪತ್ತಮೂರನೆಯ ಬಾರ್‌ನಲ್ಲಿ ಬಾಸ್‌ಗೆ ಬಿ ಫ್ಲಾಟ್ ಬರುತ್ತದೆ, ಮೇಲೆ ಸಿ, ಇ, ಜಿ. ಕಿವಿಗೆ ಇದು ಎಫ್ ಮೇಜರ್ ಕಡೆ ಹೊರಟ ಕಾರ್ಡ್ ಎನ್ನಿಸುತ್ತದೆ. ಹೋಗುವುದಿಲ್ಲ. ಮೌನ ಬರುತ್ತದೆ, ಆ ಮೌನದ ಚಿಹ್ನೆಯ ಮೇಲೇ ಫೆರ್ಮಾಟಾ, ಅಂದರೆ ಬರೆದದ್ದಕ್ಕಿಂತ ಹೆಚ್ಚು ಹೊತ್ತು ತಡೆ ಎಂಬ ಗುರುತು, ಇದೆ. ಫೆರ್ಮಾಟಾ ಇರುವುದು ಕಾರ್ಡಿನ ಮೇಲಲ್ಲ ಎಂಬುದನ್ನು ಎರಡು ಸಲ ನೋಡಿ ಖಚಿತಪಡಿಸಿಕೊಳ್ಳಿ. ಅನೇಕರು ಕಾರ್ಡನ್ನು ಪೆಡಲಿನಲ್ಲಿ ಹಿಡಿದು ಅದು ತಾನಾಗಿ ಸಾಯುವ ತನಕ ಕಾದು ನೇರ ಮುಂದಿನ ಕಾರ್ಡಿಗೆ ಹೋಗುತ್ತಾರೆ. ಆಗ ಮೌನವೇ ಇರುವುದಿಲ್ಲ. ಕಾರ್ಡಿಗೆ ಬರೆದಷ್ಟು ಎಣಿಕೆ ಕೊಟ್ಟು, ಕೈ ಎತ್ತಿ, ಪೆಡಲ್ ಬಿಟ್ಟು, ಬಳಿಕ ಕಾಯಬೇಕು. ಎಷ್ಟು ಹೊತ್ತು? ಕೋಣೆಯ ಅನುರಣನ ನಿಂತ ಮೇಲೆ ಎರಡು ನಿಧಾನದ ಎಣಿಕೆ ಸಾಕು. ಅದಕ್ಕಿಂತ ಹೆಚ್ಚಾದರೆ ಸಭೆಯಲ್ಲಿ ಚಪ್ಪಾಳೆ ಶುರುವಾಗಿಬಿಡುತ್ತದೆ.

ಆಮೇಲೆ ಉಳಿದದ್ದು ಮೂರು ಕಾರ್ಡ್, ಪಿಯಾನಿಸ್ಸಿಮೊ, ಅಂದರೆ ಬಹಳ ಮೆದು. ಬಹುಪಾಲು ಇಳಿಯುತ್ತಲೇ ಬಂದ ಬಾಸ್ ಇಲ್ಲಿ ಬಿ ಫ್ಲಾಟ್‌ನಿಂದ ಬಿ ಗೆ ಅರ್ಧ ಸ್ವರ ಏರುತ್ತದೆ. ಮೊದಲ ಕಾರ್ಡಿನೊಳಗೆ ಅಂಟಿಕೊಂಡ ಇ ಎರಡನೆಯದರಲ್ಲಿ ಡಿ ಶಾರ್ಪ್‌ಗೆ ಜಾರುತ್ತದೆ, ಮೂರನೆಯದು ಇ ಮೈನರ್. ಮೂರೂ ಕೆಳ ಸ್ಥಾಯಿಯಲ್ಲಿ ದಟ್ಟವಾಗಿ ಬರೆದವು, ಮೂರಕ್ಕೂ ಬೇರೆ ಬೇರೆ ಪೆಡಲ್ ಬೇಕು. ಮೆದುವಾಗಿ ನುಡಿಸುವ ಭಯದಲ್ಲಿ ಒಂದೆರಡು ಸ್ವರ ಹುಟ್ಟದೇ ಹೋಗುವುದು ಇಲ್ಲಿನ ಸಾಮಾನ್ಯ ಅವಘಡ. ಕೀಗಳನ್ನು ಮೊದಲೇ ಮುಟ್ಟಿ, ತೋಳಿನ ಭಾರದಿಂದ ನಿಧಾನಕ್ಕೆ ಒತ್ತಿದರೆ ಎಲ್ಲ ಸ್ವರವೂ ಒಟ್ಟಿಗೆ ಬರುತ್ತವೆ. ಕೊನೆಯ ಕಾರ್ಡಿನ ಕೀ ಮತ್ತು ಪೆಡಲ್ ಒಂದೇ ಕ್ಷಣಕ್ಕೆ ಬಿಡಿ.

ಪರೀಕ್ಷೆಗೋ ಕಛೇರಿಗೋ ತಯಾರಾಗುವವರು ಮೊಬೈಲನ್ನು ಪಿಯಾನೊ ಮೇಲಿಡದೆ ಕೋಣೆಯ ಇನ್ನೊಂದು ತುದಿಯಲ್ಲಿಟ್ಟು ರೆಕಾರ್ಡ್ ಮಾಡಿ, ಮೂರು ಜಾಗ ಕೇಳಿ. ಎರಡನೆಯ ಬಾರ್‌ನಲ್ಲಿ ಎಡಗೈ ಕದಲಿದ್ದು ಸ್ಪಷ್ಟವಾಗಿ ಕೇಳದಿದ್ದರೆ ಪೆಡಲ್ ಹೆಚ್ಚಾಗಿದೆ. ಏಳನೆಯ ಬಾರ್ ಹೊತ್ತಿಗೆ ಬಲಗೈ ಮಾಯವಾಗಿದ್ದರೆ ವೇಗ ಕಡಿಮೆಯಾಗಿದೆ, ಇಲ್ಲವೇ ಎಡಗೈ ಜೋರಾಗಿದೆ. ಯಾವುದೆಂದು ತಿಳಿಯಲು ಮೆಟ್ರೊನೋಮ್ ಇಟ್ಟು ಅದೇ ಭಾಗವನ್ನು ಅಳೆಯಿರಿ. ಹದಿನಾರರಿಂದ ಹದಿನೇಳಕ್ಕೆ ದಾಟುವಾಗ ದನಿ ಏರಿದಂತೆ ಕೇಳದಿದ್ದರೆ ಹದಿನೇಳನ್ನು ಇನ್ನಷ್ಟು ಗುದ್ದಲು ಹೋಗಬೇಡಿ, ಹದಿನಾಲ್ಕನ್ನು ಇಳಿಸಿ.